ತೆರೆದ ಶೆಲ್ಫಿಗೆ ಗಾಜಿನ ಬಾಗಿಲು: ಮೊದಲು ಪೆಟ್ಟಿಗೆ ಅಳೆಯಿರಿ

ಪ್ರಶ್ನೆ: ಮೂರು ವರ್ಷದ ಹಿಂದೆ ಅಂಗಡಿಯಿಂದ ತಂದ ಮಾಡ್ಯುಲರ್ ಶೆಲ್ಫ್ ನಮ್ಮ ಹಾಲ್‌ನಲ್ಲಿದೆ. ಬಾಗಿಲಿಲ್ಲದ ಆರು ಪೆಟ್ಟಿಗೆ, ಕೆಳಗೆ ಮೂರು, ಮೇಲೆ ಮೂರು. ಒಂದೊಂದೂ 40 ಸೆಂ.ಮೀ. ಅಗಲ, 70 ಸೆಂ.ಮೀ. ಎತ್ತರ. ಪಾರ್ಟಿಕಲ್ ಬೋರ್ಡಿನದು. ಅದರಲ್ಲಿ ಮಾವನವರ ಪುಸ್ತಕಗಳಿವೆ, ಗುಡಿಗಾರರು ಕೆತ್ತಿದ ಒಂದು ಶ್ರೀಗಂಧದ ಗಣಪತಿ ಇದೆ. ಧೂಳು, ಹಲ್ಲಿ ಕಾಟ ತಡೆಯಲು ಆಗುತ್ತಿಲ್ಲ. ಗಾಜಿನ ಬಾಗಿಲು ಹಾಕಿಸಬಹುದಾ? ಬಡಗಿ ‘ಇದಕ್ಕೆ ಆಗಲ್ಲ, ಹೊಸದೇ ಮಾಡಿಸಿ’ ಅಂತಾರೆ. ಮನೆಯಲ್ಲಿ ಮೂರು ವರ್ಷದ ಮೊಮ್ಮಗ ಇದ್ದಾನೆ.
– ಓದುಗರೊಬ್ಬರು, ಸಾಗರ

ಉತ್ತರ: ಖಂಡಿತ ಹಾಕಿಸಬಹುದು. ಹೊಸದು ಮಾಡಿಸಬೇಕಾಗಿಲ್ಲ. ಆದರೆ ನಿಮ್ಮ ಬಡಗಿ ಸುಮ್ನೆ ಹೇಳಿಲ್ಲ. ನಾನು ಶಿವಮೊಗ್ಗದಲ್ಲಿ ಗಾಜು, ಪ್ಲೈವುಡ್ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ‘ಬಾಗಿಲು ಸರಿಯಾಗಿ ಕೂರ್ತಿಲ್ಲ’ ಅಂತ ವಾಪಸ್ ಬಂದವರಲ್ಲಿ ಹೆಚ್ಚಿನವರ ಗಾಜು ಸರಿಯಾಗಿಯೇ ಇತ್ತು. ಪೆಟ್ಟಿಗೆ ಓರೆಯಾಗಿತ್ತು.

ಹಾಗಾಗಿ ಗಾಜಿನ ಮಾತು ಆಮೇಲೆ. ಇವತ್ತೇ ಟೇಪ್ ಹಿಡಿದು ಒಂದೊಂದು ಪೆಟ್ಟಿಗೆಯನ್ನೂ ಮೂಲೆಯಿಂದ ಮೂಲೆಗೆ ಅಳೆಯಿರಿ. ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಒಮ್ಮೆ, ಮೇಲಿನ ಬಲದಿಂದ ಕೆಳಗಿನ ಎಡಕ್ಕೆ ಇನ್ನೊಮ್ಮೆ. ನೀವು ಹೇಳಿದ ಅಳತೆಗೆ ಎರಡು ಸಲವೂ 80.6 ಸೆಂ.ಮೀ. ಹತ್ತಿರ ಬರಬೇಕು. ಎರಡಕ್ಕೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ, ಹಿಂಜ್‌ನ ತಿರುಪಿನಲ್ಲೇ ಸರಿಮಾಡಬಹುದು. ಅರ್ಧ ಸೆಂ.ಮೀ. ಇದ್ದರೆ ಪೆಟ್ಟಿಗೆಯ ಹಿಂಭಾಗ ನೋಡಿ. ಅಲ್ಲಿರುವ ತೆಳು ಹಲಗೆಯೇ ಪೆಟ್ಟಿಗೆಯನ್ನು ನೇರ ಹಿಡಿದಿರುವುದು. ಅದರ ಮೊಳೆ ಸಡಿಲವಾಗಿದ್ದರೆ ಪುಸ್ತಕದ ಭಾರಕ್ಕೆ ಇಡೀ ಪೆಟ್ಟಿಗೆ ಒಂದು ಕಡೆ ವಾಲುತ್ತದೆ. ಪುಸ್ತಕ ತೆಗೆದು, ಪೆಟ್ಟಿಗೆಯನ್ನು ತಳ್ಳಿ ನೇರ ಮಾಡಿ, ಹಿಂದಿನ ಹಲಗೆಗೆ ಸುತ್ತಲೂ ಸ್ಕ್ರೂ ಹಾಕಿಸಿ. ಕೆಳಗೆ ನೆಲ ಸಮ ಇದೆಯಾ ಅಂತ ರಸಮಟ್ಟ ಇಟ್ಟು ನೋಡಿ.

ಬಡಗಿಗೆ ಇರುವ ಇನ್ನೊಂದು ಹೆದರಿಕೆ ಬೋರ್ಡಿನದು. ಮರದ ಹುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನಲ್ಲಿ ಸ್ಕ್ರೂ ಒಮ್ಮೆ ಕಿತ್ತು ಬಂದರೆ ಅದೇ ತೂತಿನಲ್ಲಿ ಮತ್ತೆ ಹಿಡಿಯುವುದಿಲ್ಲ. ಇದು ನಿಜ. ಆದರೆ ಉಪಾಯ ಇದೆ. ಹಿಂಜ್ ಬರುವ ಜಾಗದಲ್ಲಿ ದೊಡ್ಡ ತೂತು ಮಾಡಿ, ಗಟ್ಟಿ ಮರದ ಗೂಟ ಅಂಟು ಹಚ್ಚಿ ಕೂರಿಸಿ, ಒಂದು ರಾತ್ರಿ ಒಣಗಿಸಿ, ಮಾರನೇ ದಿನ ಆ ಗೂಟಕ್ಕೆ ಸ್ಕ್ರೂ ಹಾಕಬೇಕು. ಮರ ಹಿಡಿದುಕೊಳ್ಳುತ್ತದೆ.

ಈಗ ಗಾಜು. ಮೊಮ್ಮಗ ಇದ್ದಾನೆ ಅಂದಿರಿ. ಹಾಗಾದರೆ ಟಫನ್ಡ್ ಗಾಜು ಬಿಟ್ಟು ಬೇರೆ ಯಾವುದನ್ನೂ ಒಳಗೆ ತರಬೇಡಿ. ಈ ಮಾತನ್ನು ನಾನು ವ್ಯಾಪಾರಕ್ಕೆ ಹೇಳುತ್ತಿಲ್ಲ. ನಮ್ಮದೇ ಮನೆಯ ಶೋಕೇಸಿಗೆ ಹಿಂದೆ ಸಾದಾ ಗಾಜು ಹಾಕಿದ್ದೆ. ಮಗಳಿಗೆ ಆಗ ನಾಲ್ಕು ವರ್ಷ. ಓಡಿ ಬಂದು ಅಂಗೈ ಊರಿದಳು, ಗಾಜು ಒಡೆಯಿತು, ಚೂರಿಯಂಥ ಚೂರು. ಮೂರು ಹೊಲಿಗೆ ಬಿತ್ತು. ಆ ಗುರುತು ಅವಳ ಅಂಗೈಯಲ್ಲಿ ಈಗಲೂ ಇದೆ.

ಟಫನ್ಡ್ ಗಾಜನ್ನು 600 ಡಿಗ್ರಿಗೂ ಮೇಲೆ ಕಾಯಿಸಿ, ತಕ್ಷಣ ಜೋರು ಗಾಳಿ ಹೊಡೆಸಿ ತಣಿಸುತ್ತಾರೆ. ಹೊರಮೈ ಮೊದಲು ಬಿಗಿದುಕೊಳ್ಳುತ್ತದೆ, ಒಳಗಿನದು ನಿಧಾನವಾಗಿ ತಣಿದು ಅದನ್ನು ಎಳೆದು ಹಿಡಿಯುತ್ತದೆ. ಆ ಬಿಗಿಯಿಂದಲೇ ಅದಕ್ಕೆ ಅಷ್ಟು ಶಕ್ತಿ. ಒಡೆದರೂ ಸಣ್ಣ ಸಣ್ಣ ಹರಳಾಗಿ ಉದುರುತ್ತದೆ. ಆದರೆ ಒಮ್ಮೆ ಹೀಗೆ ಮಾಡಿದ ಮೇಲೆ ಅದನ್ನು ಕತ್ತರಿಸಲು ಆಗುವುದಿಲ್ಲ, ತೂತು ಕೊರೆಯಲೂ ಆಗುವುದಿಲ್ಲ. ಒಬ್ಬ ಹುಡುಗ ಹಿಡಿಕೆಗೆ ಒಂದೇ ತೂತು ತಾನೇ ಅಂತ ನನ್ನ ಕಣ್ಣೆದುರೇ ಡ್ರಿಲ್ ಇಟ್ಟ. ಒಂದು ಕ್ಷಣ ಬಿಳಿ ಹುಡಿ ಬಂತು. ಆಮೇಲೆ ‘ಟಪ್’ ಅಂತ ಸದ್ದು. ಇಡೀ ಹಾಳೆ ನಿಂತ ಹಾಗೇ ಬೆಳ್ಳಗಾಗಿ, ಕಲ್ಲುಸಕ್ಕರೆ ಚೀಲ ಬಿಚ್ಚಿದ ಹಾಗೆ ಮೇಜಿನ ಮೇಲೆ ಸುರಿಯಿತು. ಹಾಗಾಗಿ ಅಳತೆ, ತೂತು, ಅಂಚಿನ ಪಾಲಿಶ್ ಎಲ್ಲವನ್ನೂ ಆರ್ಡರ್ ಕೊಡುವಾಗಲೇ ಬರೆಸಿ. ಗಾಜು ಬಂದಾಗ ಮೂಲೆಯಲ್ಲಿ ಟಫನ್ಡ್ ಅಂತ ಅಳಿಸಲಾಗದ ಗುರುತು ಇದೆಯಾ ಅಂತ ಕೇಳಿ ನೋಡಿ.

ನಿಮಗೆ ಬರೀ ಗಾಜಿನ ಬಾಗಿಲಿಗಿಂತ ಅಲ್ಯೂಮಿನಿಯಂ ಪ್ರೊಫೈಲ್ ಬಾಗಿಲು, ಅಂದರೆ ಗಾಜಿನ ಸುತ್ತ ಅಲ್ಯೂಮಿನಿಯಂ ಚೌಕಟ್ಟು ಇರುವ ಬಾಗಿಲು ಒಳ್ಳೆಯದು. ಟಫನ್ಡ್ ಗಾಜಿಗೆ ಪೆಟ್ಟು ತಾಗಬಾರದ ಜಾಗ ಅಂದರೆ ಅಂಚು. ಪ್ರೊಫೈಲ್ ಆ ಅಂಚನ್ನು ಸುತ್ತಲೂ ಮುಚ್ಚುತ್ತದೆ. ಹಿಂಜ್ ಕೂರುವುದೂ ಅಲ್ಯೂಮಿನಿಯಂಗೆ, ಗಾಜಿಗೆ ತೂತೇ ಬೇಡ. 4 ಮಿ.ಮೀ. ಗಾಜು ಸಾಕು. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ 2.5 ಕೆ.ಜಿ. ತೂಗುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಒಂದು ಬಾಗಿಲಿನ ಗಾಜು 2.8 ಕೆ.ಜಿ. ಎರಡು ಹಿಂಜ್ ಆರಾಮಾಗಿ ತಡೆಯುತ್ತವೆ. ಬಾಗಿಲಿನ ಅಗಲ 40 ಅಲ್ಲ, 39.7 ಸೆಂ.ಮೀ. ಇರಲಿ. ಇಲ್ಲದಿದ್ದರೆ ಪಕ್ಕದ ಬಾಗಿಲಿಗೆ ಉಜ್ಜುತ್ತದೆ. ಬಾಗಿಲು ಪೆಟ್ಟಿಗೆಯ ಅಂಚಿನ ಮೇಲೆ ಪೂರ್ತಿ ಕೂರುವುದರಿಂದ ಅಂಗಡಿಯಲ್ಲಿ ‘ಸೊನ್ನೆ ಕ್ರ್ಯಾಂಕ್’, ಅಂದರೆ ತೋಳು ಬಾಗಿರದ ಹಿಂಜ್ ಕೇಳಿ, ಪ್ರೊಫೈಲಿಗೆ ಅಂತ ಹೇಳುವುದನ್ನು ಮರೆಯಬೇಡಿ.

ಜಾರುಬಾಗಿಲು ಹಾಕಿಸಿ ಅಂತ ಯಾರಾದರೂ ಹೇಳಬಹುದು. 40 ಸೆಂ.ಮೀ. ಅಗಲದ ಪೆಟ್ಟಿಗೆಗೆ ಬೇಡ. ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತದೆ, ಪುಸ್ತಕ ತೆಗೆಯಲು ಕೈ ಹೋಗುವುದಿಲ್ಲ.

ಬಾಗಿಲು ಬಂದ ಮೇಲೆ ಭಾರ ಮುಂದಕ್ಕೆ ಬರುತ್ತದೆ. ಮಗು ಬಾಗಿಲು ತೆರೆದು ನೇತಾಡಿದರೆ ಶೆಲ್ಫೇ ಮಗುಚಬಹುದು. ಅದಕ್ಕೇ ಮೇಲಿನ ಪೆಟ್ಟಿಗೆಯನ್ನು ಕೆಳಗಿನದಕ್ಕೆ ಬೋಲ್ಟ್ ಹಾಕಿಸಿ. ಮೇಲಿನ ಮೂರನ್ನೂ ಎಲ್ ಕ್ಲ್ಯಾಂಪ್‌ನಿಂದ ಗೋಡೆಗೆ ಬಿಗಿಸಿ. ಜಂಬಿಟ್ಟಿಗೆ ಗೋಡೆಯಾದರೆ ಸ್ಕ್ರೂ ಹಿಡಿಯಲು ಗೋಡೆಯ ತೂತಿಗೆ ಹಾಕುವ ಪ್ಲಗ್ ಉದ್ದದ್ದು ಬೇಕು. ಇದನ್ನು ಬಾಗಿಲು ಹಾಕುವ ಮುಂಚೆಯೇ ಮಾಡಿಸಿ.

ಸಾಗರದ ಮಳೆಗಾಲ ನಿಮಗೆ ಹೇಳಬೇಕಾಗಿಲ್ಲ. ಗಾಜು ಹಾಕಿದರೆ ಧೂಳು ನಿಲ್ಲುತ್ತದೆ, ತೇವವೂ ಒಳಗೇ ನಿಲ್ಲುತ್ತದೆ, ಪುಸ್ತಕಕ್ಕೆ ಬೂಷ್ಟು ಬರುತ್ತದೆ. ಸುತ್ತಲೂ ರಬ್ಬರ್ ಹಾಕಿ ಗಾಳಿಯಾಡದ ಹಾಗೆ ಮುಚ್ಚಿಸಬೇಡಿ. ಹಲ್ಲಿ ನುಸುಳದಷ್ಟು, ಎರಡು ಮೂರು ಮಿಲಿಮೀಟರ್ ಸಂದು ಇರಲಿ. ಶೆಲ್ಫನ್ನು ಗೋಡೆಗೆ ಅಂಟಿಸದೆ ಒಂದಿಂಚು ಬಿಟ್ಟು ಕ್ಲ್ಯಾಂಪ್ ಹಾಕಿಸಿ. ಬಿಸಿಲು ಬಿದ್ದ ದಿನ ಒಂದು ಗಂಟೆ ಬಾಗಿಲು ತೆರೆದಿಡಿ.

ಕೊನೆಗೆ ಒಂದು ಮಾತು. ಆರಕ್ಕೂ ಗಾಜು ಬೇಕಾ? ಕೆಳಗಿನ ಸಾಲು ಮೊಮ್ಮಗನ ಎತ್ತರದ್ದು, ಅವನ ಮೂರು ಚಕ್ರದ ಸೈಕಲ್ ಹೋಗಿ ತಾಗುವುದು ಅಲ್ಲೇ ಅಲ್ವಾ? ಕೆಳಗಿನ ಮೂರಕ್ಕೆ ಪ್ಲೈವುಡ್ ಬಾಗಿಲು ಹಾಕಿಸಿ, ಅವನ ಆಟದ ಸಾಮಾನು ಅಲ್ಲಿಡಿ. ಗಾಜು ಮೇಲಿನ ಮೂರಕ್ಕೆ ಮಾತ್ರ. ಗಣಪತಿಯನ್ನು ಮೇಲಿನ ಸಾಲಿನಲ್ಲಿ ಕಿಟಕಿಯ ಬಿಸಿಲು ನೇರ ಬೀಳದ ಪೆಟ್ಟಿಗೆಗೆ ಇಡಿ. ಒಳಗಿಡುವ ಮುಂಚೆ ಒಣ ಮೆತ್ತನೆ ಬ್ರಷ್‌ನಿಂದ ಕೆತ್ತನೆಯ ಸಂದಿಯ ಧೂಳು ತೆಗೆಯಿರಿ. ಒದ್ದೆ ಬಟ್ಟೆ ಮುಟ್ಟಿಸಬೇಡಿ.