ಎಲ್ಲ ಸುದ್ದಿಯ ಹಿಂದೆ ಓಡಬೇಡಿ, ಒಂದನ್ನು ಹಿಡಿದು ಕೊನೆವರೆಗೂ ನೋಡಿ

ಹತ್ತೊಂಬತ್ತು ವಯಸ್ಸು, ಹಳ್ಳಿಯಿಂದ ಕಾಲೇಜಿಗೆ ಓಡಾಟ, ಮನೆಗೆ ಪೇಪರ್ ಬರಲ್ಲ, ಸುದ್ದಿ ಸಿಗೋದು ರೀಲ್ಸ್‌ನಲ್ಲಿ ಮಾತ್ರ. ಆಡಳಿತದ ವಿಷಯ ತಿಳ್ಕೊಳ್ಳೋಕೆ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ರೀಲ್ಸ್ ಬಿಡಿ ಅಂತ ನಾನು ಹೇಳಲ್ಲ. ನನ್ನ ಓರಗೆಯವರಿಗೂ ಸುದ್ದಿ ಮೊದಲು ಮುಟ್ಟೋದು ಅಲ್ಲೇ. ಆದರೆ ಗಲಾಟೆ ಎದ್ದ ದಿನ ಎಲ್ಲರೂ ಮಾತಾಡ್ತಾರೆ, ಆಮೇಲೆ ಏನಾಯ್ತು ಅಂತ ಯಾರೂ ಹೇಳಲ್ಲ.

ಅದಕ್ಕೇ ಒಂದೇ ಒಂದು ವಿಷಯ ಹಿಡ್ಕೊಳ್ಳಿ. ನಾನು ಹಿಡಿದದ್ದು ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ. ಅವುಗಳ ಅವಧಿ 2021ರಲ್ಲೇ ಮುಗಿಯಿತು. ಐದು ವರ್ಷ ತುಂಬುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತೆ. ಆದರೂ ವರ್ಷಗಟ್ಟಲೆ ಆಗಲಿಲ್ಲ. ಯಾಕೆ ಅಂತ ಹುಡುಕುತ್ತಾ ಹೋದೆ. ಕ್ಷೇತ್ರ ವಿಂಗಡಣೆಯ, ಅಂದರೆ ಯಾವ ಊರು ಯಾವ ಕ್ಷೇತ್ರಕ್ಕೆ ಸೇರಬೇಕು ಅಂತ ಗಡಿ ಗುರುತಿಸುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟ 2021ರ ತಿದ್ದುಪಡಿ, ಮೀಸಲಾತಿ ಪಟ್ಟಿಯ ತಕರಾರು, ಹೈಕೋರ್ಟ್ ಕೇಸು, ಎಲ್ಲಾ ಒಂದಕ್ಕೊಂದು ಕೊಂಡಿಯಾಗಿ ಕಂಡವು. ಈ ಒಂದು ಎಳೆ ಹಿಡಿದು ಹೋದಾಗ ಕಾಯ್ದೆ, ಕೋರ್ಟು, ಆಯೋಗ ಇವು ಹೇಗೆ ನಡೆಯುತ್ತವೆ ಅಂತ ಅರ್ಥವಾದಷ್ಟು ಯಾವ ಟಿವಿ ಚರ್ಚೆಯಿಂದಲೂ ಆಗಿರಲಿಲ್ಲ.

ಪೇಪರ್‌ಗೆ ದುಡ್ಡು ಬೇಕಿಲ್ಲ. ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ, ಈಗ ಅದಕ್ಕೆ ಅರಿವು ಕೇಂದ್ರ ಅಂತಾರೆ. ಮುಖಪುಟಕ್ಕಿಂತ ಜಿಲ್ಲಾ ಪುಟ ಮೊದಲು ಓದಿ.

ಫೋನಲ್ಲಿ ಇ-ಗ್ರಾಮ್‌ಸ್ವರಾಜ್ (ಪಂಚಾಯಿತಿಗಳ ಲೆಕ್ಕ ತೋರಿಸುವ ಸರ್ಕಾರಿ ಜಾಲತಾಣ) ತೆರೆದು ನಿಮ್ಮ ಪಂಚಾಯಿತಿಯ ಹೆಸರು ಹುಡುಕಿ. ಯಾವ ಕಾಮಗಾರಿಗೆ ಎಷ್ಟು ಖರ್ಚು ಅಂತ ಸಿಗುತ್ತೆ. ಕೇಂದ್ರದಿಂದ ಪಂಚಾಯಿತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ (2021–26) ಶೇ 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಬಳಸಬೇಕಿತ್ತು ಅನ್ನೋದು ಗೊತ್ತಿದ್ದರೆ ಆ ಲೆಕ್ಕ ನೋಡುವ ಕಣ್ಣೇ ಬೇರೆಯಾಗುತ್ತೆ. ನಮ್ಮೂರ ಗ್ರಾಮಸಭೆಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕ್ರಿಯಾ ಯೋಜನೆ, ಅಂದರೆ ಕಾಮಗಾರಿಗಳ ಪಟ್ಟಿ ಓದ್ತಾ ಇದ್ದಾಗ ಬಿಎ ಓದುವ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ನಮ್ಮ ಬೀದಿ ಚರಂಡಿ ಕೆಲಸ ಮುಗಿದಿದೆ ಅಂತ ಇದರಲ್ಲಿದೆ, ಅಲ್ಲಿ ಇನ್ನೂ ಕಲ್ಲೇ ಹಾಕಿಲ್ಲವಲ್ಲ?" ಅಂತ ಫೋನ್ ತೋರಿಸಿದಳು. ಹಿಂದಿನ ಸಾಲಲ್ಲಿ ಕೂತಿದ್ದ ಹಿರಿಯರೆಲ್ಲ ಮುಂದಕ್ಕೆ ಬಂದರು. ಉತ್ತರ ಕೊಡದೆ ಸಭೆ ಮುಂದಕ್ಕೆ ಹೋಗಲಿಲ್ಲ. ಬಾಯಿಮಾತಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು.

ಇನ್ನೊಂದು ಕೆಲಸ ಇವತ್ತೇ ಮಾಡಿ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವವರೇ ಗ್ರಾಮಸಭೆಯ ಸದಸ್ಯರು. ನಿಮ್ಮ ಹೆಸರು ಇದೆಯಾ ನೋಡಿ, ಇಲ್ಲದಿದ್ದರೆ ಹೆಸರು ಸೇರಿಸುವ ಅರ್ಜಿ, ನಮೂನೆ 6 ತುಂಬಿ. ಮೊದಲಿನ ಹಾಗೆ ಜನವರಿ 1ಕ್ಕೇ 18 ತುಂಬಿರಬೇಕು ಅಂತಿಲ್ಲ. ಏಪ್ರಿಲ್, ಜುಲೈ, ಅಕ್ಟೋಬರ್ 1ನೇ ತಾರೀಕುಗಳೂ ಲೆಕ್ಕಕ್ಕಿವೆ. 17 ತುಂಬಿದ ತಮ್ಮನೋ ತಂಗಿಯೋ ಇದ್ದರೆ ಅವರ ಅರ್ಜಿಯನ್ನೂ ಮುಂಚಿತವಾಗಿ ಹಾಕಿಸಿಬಿಡಿ.