ಮನೆ ತೆರಿಗೆ, ಓಣಿಯ ಚರಂಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆ ತೆರಿಗೆಯ ಬಗ್ಗೆಯೇ ಇವೆ. ಏಪ್ರಿಲ್ ಹತ್ತಿರ ಬಂತಲ್ಲ, ಸಹಜ. ಹೊಸ ಓದುಗರಿಗೆ ನನ್ನ ಪರಿಚಯ ಒಂದೇ ಮಾತಿನಲ್ಲಿ ಹೇಳುತ್ತೇನೆ. ಈ ಭಾಗದ ಪುರಸಭೆ, ನಗರಸಭೆಗಳ ಲೆಕ್ಕ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾಗಿ, ಈಗ ಕಲಬುರಗಿಯಲ್ಲಿ ನೆಲೆಸಿದ್ದೇನೆ. ಎಲ್ಲ ಪತ್ರಗಳಿಗೂ ಇಲ್ಲಿ ಜಾಗ ಇಲ್ಲ. ಹಲವರಿಗೆ ಉಪಯೋಗ ಆಗುವಂಥವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ಮಾವನವರ ಕಾಲದ ಮನೆ. ಫರ್ಸಿ ಹಾಸಿದ ಮಾಳಿಗೆ, ಮಳೆ ಬಂದರೆ ಸೋರುತ್ತದೆ. ಮನೆ ವರ್ಷ ವರ್ಷ ಹಳೆಯದಾಗುತ್ತಿದೆ, ತೆರಿಗೆ ಮಾತ್ರ ಏರುತ್ತಲೇ ಇದೆ. ಯಾಕೆ? ರಸೀದಿಯಲ್ಲಿ ಇರುವ ಆ ಕರ, ಈ ಕರ ಎಲ್ಲ ಏನು?
— ನಿವೃತ್ತ ಶಿಕ್ಷಕಿ, ಬ್ರಹ್ಮಪುರ, ಕಲಬುರಗಿ

ಟೀಚರ್, ನಿಮ್ಮ ತೆರಿಗೆಯಲ್ಲಿ ಎರಡು ಭಾಗ ಇದೆ. ಒಂದು ಕಟ್ಟಡ, ಇನ್ನೊಂದು ಅದರ ಕೆಳಗಿನ ಜಾಗ. ಕಟ್ಟಡದ ಬೆಲೆಯಲ್ಲಿ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. ಜಾಗಕ್ಕೆ ಸವಕಳಿ ಇಲ್ಲ. ಅದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆಯೇ, ಅಂದರೆ ನೋಂದಣಿಗಾಗಿ ಸರ್ಕಾರ ಗೊತ್ತುಮಾಡಿದ ಬೆಲೆಯೇ ಆಧಾರ. ಬ್ರಹ್ಮಪುರದಂಥ ಊರ ನಡುವಿನ ಜಾಗದ ಬೆಲೆ ಇಳಿಯುವುದುಂಟೇ? ಮೊದಲು ಬಾಡಿಗೆ ಎಷ್ಟು ಬರಬಹುದು ಅಂತ ಅಂದಾಜು ಮಾಡಿ ತೆರಿಗೆ ಹಾಕುತ್ತಿದ್ದರು. 2002-03ರಿಂದ ಸ್ವಯಂ ಘೋಷಿತ ಪದ್ಧತಿ, ಅಂದರೆ ಮಾಲೀಕರೇ ಲೆಕ್ಕ ಹಾಕಿ ಘೋಷಿಸಿ ಕಟ್ಟುವ ಪದ್ಧತಿ ಬಂತು. ಆಗಿನಿಂದ ಬಾಡಿಗೆ ಹೋಗಿ ಆಸ್ತಿಯ ಬೆಲೆ ಆಧಾರವಾಯಿತು.

ಇನ್ನು ಏರಿಕೆ. ಹಿಂದೆ ಮೂರು ವರ್ಷಕ್ಕೊಮ್ಮೆ ಕನಿಷ್ಠ ಶೇ 15 ಏರಿಸಬೇಕಿತ್ತು. ಈಗ ಪ್ರತಿ ವರ್ಷ ಶೇ 3ರಿಂದ 5ರ ಒಳಗೆ ಏರಿಸುವ ನಿಯಮ ಇದೆ. ಇದರ ಹಿಂದೆ ದಿಲ್ಲಿಯ ಒತ್ತಾಯವೂ ಇತ್ತು. 15ನೇ ಹಣಕಾಸು ಆಯೋಗ ಒಂದು ಷರತ್ತು ಹಾಕಿತು. ರಾಜ್ಯಗಳು ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತುಮಾಡಬೇಕು, ವಸೂಲಿಯೂ ರಾಜ್ಯದ ಆರ್ಥಿಕ ಬೆಳವಣಿಗೆಗೆ ತಕ್ಕಂತೆ ಏರುತ್ತಾ ಹೋಗಬೇಕು, ಇಲ್ಲದಿದ್ದರೆ ನಗರಗಳಿಗೆ ಕೇಂದ್ರದ ಅನುದಾನ ಇಲ್ಲ ಎಂದು.

ಶೇ 3 ಮತ್ತು ಶೇ 5ರ ನಡುವಿನ ವ್ಯತ್ಯಾಸವನ್ನು ಜನ ಸಣ್ಣದು ಅಂದುಕೊಳ್ಳುತ್ತಾರೆ. ಈಗ ₹4,000 ತೆರಿಗೆ ಇದೆ ಅನ್ನಿ. ವರ್ಷಕ್ಕೆ ಶೇ 3ರಂತೆ ಏರಿದರೆ ಹತ್ತು ವರ್ಷಕ್ಕೆ ಸುಮಾರು ₹5,375 ಆಗುತ್ತದೆ. ಶೇ 5ರಂತೆ ಏರಿದರೆ ₹6,500 ದಾಟುತ್ತದೆ. ಮೂರು ವರ್ಷಕ್ಕೊಮ್ಮೆ ಶೇ 15 ಏರುತ್ತಿದ್ದ ಹಳೆಯ ಲೆಕ್ಕದಲ್ಲಿ ₹6,083 ಆಗುತ್ತಿತ್ತು. ಅಂದರೆ ಶೇ 3 ಹಳೆಯದಕ್ಕಿಂತ ಹಗುರ, ಶೇ 5 ಹಳೆಯದಕ್ಕಿಂತ ಭಾರ. ಈ ನಡುವಿನಲ್ಲಿ ಯಾವುದು ಅನ್ನುವ ಠರಾವು ನಿಮ್ಮ ಊರಿನ ಸಭೆಯಲ್ಲೇ, ಏಪ್ರಿಲ್ ಬರುವ ಮುಂಚೆ ಆಗುತ್ತದೆ. ನಿಮ್ಮ ಕಾರ್ಪೊರೇಟರ್ ಅಲ್ಲಿ ಏನು ಹೇಳಿದರು ಅಂತ ಅವರನ್ನೇ ಕೇಳಿ. ತೆರಿಗೆ ಏರಿತು ಅಂತ ಬಿಲ್ ಕಲೆಕ್ಟರ್ ಜೊತೆ ಜಗಳ ಆಡಿದರೆ ಪ್ರಯೋಜನ ಇಲ್ಲ. ಅವನ ಕೈಯಲ್ಲಿ ಏನೂ ಇಲ್ಲ.

ಇನ್ನು ಕರಗಳು. ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ₹4,000ಕ್ಕೆ ಇವು ಕ್ರಮವಾಗಿ ₹600, ₹240, ₹120. ಮೂರೂ ಸೇರಿ ₹960. ಇದು ಪಾಲಿಕೆ ಖರ್ಚು ಮಾಡುವ ದುಡ್ಡಲ್ಲ, ವಸೂಲಿ ಮಾಡಿ ಮುಂದಕ್ಕೆ ಕಳಿಸಬೇಕಾದದ್ದು. ಕಸದ ಶುಲ್ಕ ಬೇರೆ, ಅದು ಊರಲ್ಲೇ ಉಳಿಯುತ್ತದೆ.

ಏಪ್ರಿಲ್ ತಿಂಗಳಲ್ಲಿ ಇಡೀ ವರ್ಷದ್ದು ಕಟ್ಟಿದರೆ ತೆರಿಗೆಯಲ್ಲಿ ಶೇ 5 ರಿಯಾಯಿತಿ. ನಿಮಗೆ ₹200 ಉಳಿಯುತ್ತದೆ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ 2 ದಂಡ. ಮಾರ್ಚ್‌ವರೆಗೆ ಬಿಟ್ಟರೆ ಶೇ 18 ಆಗುತ್ತದೆ. ಯಾವ ಬ್ಯಾಂಕಿನ ಠೇವಣಿಯಲ್ಲೂ ಅಷ್ಟು ಬಡ್ಡಿ ಬರುವುದಿಲ್ಲ. ಕಟ್ಟುವ ಮುಂಚೆ ನಿಮ್ಮ ಘೋಷಣೆಯ ನಮೂನೆ ತೆಗೆದು ಒಮ್ಮೆ ಓದಿ. ಫರ್ಸಿ ಮಾಳಿಗೆಯ ಮನೆಯನ್ನು ಆರ್‌ಸಿಸಿ ಅಂತ ಬರೆದಿದ್ದಾರಾ? ಕಟ್ಟಿದ ವರ್ಷ ಸರಿ ಇದೆಯಾ? ಚದರಡಿ ಸರಿ ಇದೆಯಾ? ಹಳೆಯ ಮನೆಗಳವರು ಕಳೆದುಕೊಳ್ಳುವುದು ಇಲ್ಲೇ.

ಪ್ರಶ್ನೆ: ನಾವು ಲೇಔಟ್ ಮಂಜೂರಾತಿ ಇಲ್ಲದ ಪ್ಲಾಟಿನಲ್ಲಿ ಮನೆ ಕಟ್ಟಿದ್ದೇವೆ. ಬಿ-ಖಾತಾ ಮಾಡಿಸಿ, ಡಬಲ್ ತೆರಿಗೆ ಕಟ್ಟಿದರೆ ಸಕ್ರಮ ಆಗುತ್ತದೆ ಅನ್ನುತ್ತಾರೆ. ನಿಜವೇ?
— ಗ್ಯಾರೇಜ್ ಕೆಲಸಗಾರರು, ಯಾದಗಿರಿ

ಇಲ್ಲ, ಸಕ್ರಮ ಆಗುವುದಿಲ್ಲ. ಬಿ-ಖಾತಾ ಅಂದರೆ ಮಂಜೂರಾತಿ ಇಲ್ಲದ ಆಸ್ತಿಗಳಿಗೆ ತೆರಿಗೆಗಾಗಿ ಇಡುವ ಬೇರೆ ದಾಖಲೆ. 2025ರ ಫೆಬ್ರುವರಿಯಲ್ಲಿ ಸರ್ಕಾರ ಬಿ-ಖಾತಾ ಅಭಿಯಾನ ಶುರು ಮಾಡಿತು. ಮೊದಲ ವರ್ಷ ಮಾತ್ರ ಎರಡು ಪಟ್ಟು ತೆರಿಗೆ, ಮುಂದಿನ ವರ್ಷದಿಂದ ಒಂದೇ ಪಟ್ಟು. ನಿಮ್ಮ ಆಸ್ತಿ ಊರಿನ ದಾಖಲೆಗೆ ಸೇರುತ್ತದೆ, ಅದು ಒಳ್ಳೆಯದೇ. ಆದರೆ ತೆರಿಗೆ ರಸೀದಿ ಮಾಲೀಕತ್ವದ ಪತ್ರ ಅಲ್ಲ, ಲೇಔಟಿನ ದೋಷವನ್ನೂ ಅದು ತೊಳೆಯುವುದಿಲ್ಲ. ಖಾತಾ ಮಾಡಿಸಿ, ರಸೀದಿ ಜೋಪಾನ ಇಡಿ. ಆದರೆ ಅದನ್ನು ತೋರಿಸಿ "ಎಲ್ಲ ಸರಿ ಇದೆ" ಅಂತ ಪಕ್ಕದ ಪ್ಲಾಟ್ ಮಾರಲು ಬರುವವರನ್ನು ನಂಬಬೇಡಿ.

ಪ್ರಶ್ನೆ: ನಮ್ಮ ಓಣಿಯ ಚರಂಡಿ ಒಡೆದು ಬಹಳ ಕಾಲ ಆಯಿತು. ಮಳೆ ಬಂದರೆ ಹೊಲಸು ನೀರು ಬಾಗಿಲವರೆಗೆ ಬರುತ್ತದೆ. ಕೇಳಿದರೆ ದುಡ್ಡಿಲ್ಲ ಅನ್ನುತ್ತಾರೆ. ಆದರೆ ಹತ್ತಿರದ ವೃತ್ತದಲ್ಲಿ ಹೈಮಾಸ್ಟ್ ದೀಪ ಬಂತು, ಚೆನ್ನಾಗಿಯೇ ಇದ್ದ ರಸ್ತೆಯ ಮೇಲೆ ಮತ್ತೆ ಸಿಸಿ ರಸ್ತೆ ಬಂತು. ಅದಕ್ಕೆ ದುಡ್ಡು ಎಲ್ಲಿಂದ ಬಂತು?
— ಕಿರಾಣಿ ಅಂಗಡಿಯವರು, ಕಲಬುರಗಿ ಜಿಲ್ಲೆಯ ಒಂದು ಪುರಸಭೆ ಊರು

ಅಣ್ಣಾ, ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಅನೇಕರು ಕೇಳಿದ್ದಾರೆ. ನನಗೆ ಹೊಟ್ಟೆ ಉರಿಯುವ ವಿಷಯವೂ ಇದೇ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪುರಸಭೆಯ ದುಡ್ಡು ಒಂದೇ ಗಂಟಲ್ಲ, ಹಲವು ಗಂಟುಗಳು. ಹೆಚ್ಚಿನವುಗಳ ಮೇಲೆ "ಇದಕ್ಕೇ ಖರ್ಚು ಮಾಡು" ಅಂತ ಮೊದಲೇ ಬರೆದಿರುತ್ತದೆ. 15ನೇ ಹಣಕಾಸು ಆಯೋಗದ 2021–26ರ ಅನುದಾನವನ್ನೇ ನೋಡಿ. ನಮ್ಮಂಥ ಊರುಗಳಿಗೆ ಬಂದ ಹಣದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ 40 ಮಾತ್ರ ಸಭೆ ತನ್ನ ಊರಿನ ಅಗತ್ಯ ನೋಡಿ ಬಳಸಬಹುದಿತ್ತು. ರಾಜ್ಯ ಹಣಕಾಸು ಆಯೋಗದ ಲೆಕ್ಕದಲ್ಲಿ ಬರುವ ವೇತನ ಅನುದಾನ ಸಂಬಳಕ್ಕೇ, ವಿದ್ಯುತ್ ಅನುದಾನ ಕರೆಂಟ್ ಬಿಲ್ಲಿಗೇ. ನಗರೋತ್ಥಾನ ಅನ್ನುವ ರಾಜ್ಯದ ನಗರಾಭಿವೃದ್ಧಿ ಯೋಜನೆಯ ಕಾಮಗಾರಿಗೆ ಮೇಲಿನ ಹಂತದ ಮಂಜೂರಾತಿ ಬೇಕು. ಅದರ ಮೇಲೆ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣವೂ ಬರುತ್ತದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಸಿಕ್ಕ ದೊಡ್ಡ ಅನುಕೂಲ ಅದು. ಆದರೆ ಮಂಡಳಿಯ ಕಾಮಗಾರಿಗಳ ಪಟ್ಟಿ ಸಾಮಾನ್ಯವಾಗಿ ಶಾಸಕರ ಕಡೆಯಿಂದ ಹೋಗುತ್ತದೆ. ನಿಮ್ಮ ವಾರ್ಡಿನ ಸದಸ್ಯರ ಮಾತು ಅಲ್ಲಿ ನಡೆಯುವುದು ಕಡಿಮೆ.

ಹಾಗಾಗಿ ದೀಪವೂ ಸಿಸಿ ರಸ್ತೆಯೂ ಬೇರೆ ಗಂಟಿನಿಂದ ಬಂದಿರಬಹುದು. "ದುಡ್ಡಿಲ್ಲ" ಅಂದವರು ಚರಂಡಿ ದುರಸ್ತಿಯ ಗಂಟಿನ ಬಗ್ಗೆ ಹೇಳಿರಬಹುದು. ಆ ದುರಸ್ತಿ ಸಾಮಾನ್ಯವಾಗಿ ಸ್ವಂತ ಆದಾಯದಿಂದ ಆಗಬೇಕು. ಮನೆ ತೆರಿಗೆ, ನೀರಿನ ಶುಲ್ಕ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ ಶುಲ್ಕ ಎಲ್ಲ ಸೇರಿದ್ದೇ ಸ್ವಂತ ಆದಾಯ. ಅದರಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು ಇಡಬೇಕು. ಇದು ಇರಲೇಬೇಕಾದ ಮೀಸಲು. ಎಷ್ಟೋ ಕಡೆ ಇದನ್ನೂ ಖರ್ಚು ಮಾಡದೆ ಉಳಿಸುತ್ತಾರೆ, ಅದು ದೊಡ್ಡ ಅನ್ಯಾಯ. ಉಳಿದದ್ದರಲ್ಲಿ ಕಸದ ಗಾಡಿಯ ಡೀಸೆಲ್, ನೀರಿನ ಮೋಟಾರ್ ರಿಪೇರಿ, ಬೀದಿ ದೀಪ, ಬೇಸಿಗೆಯಲ್ಲಿ ಟ್ಯಾಂಕರ್ ಬಾಡಿಗೆ ಎಲ್ಲ ಆಗಬೇಕು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕರೇ ಖಜಾನೆ ಖಾಲಿ ಮಾಡುತ್ತದೆ.

ಇಲ್ಲಿ ನಾನು ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಊರಿನವರು ಚುನಾಯಿಸಿದ ಸದಸ್ಯರು ಯಾರನ್ನೂ ಕೇಳದೆ ತೀರ್ಮಾನಿಸಬಹುದಾದ ದುಡ್ಡು ಅಂದರೆ ಬಹುಪಾಲು ಈ ಸ್ವಂತ ಆದಾಯವೇ. ಓಣಿಯ ಚರಂಡಿ ಬದುಕಿರುವುದು ಅದರ ಮೇಲೆ. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ದೊಡ್ಡ ಕಟ್ಟಡಗಳ ಬಾಕಿ ವರ್ಷಗಟ್ಟಲೆ ಹಾಗೇ ಇರುತ್ತಿತ್ತು. ಮಾರುಕಟ್ಟೆಯ ಮಳಿಗೆಗಳ ಬಾಡಿಗೆ ಹಳೆಯ ದರದಲ್ಲೇ ನಿಂತಿತ್ತು. ಸಣ್ಣ ಮನೆಯವರು ಮಾತ್ರ ಏಪ್ರಿಲ್‌ನಲ್ಲಿ ಸಾಲಾಗಿ ನಿಂತು ಕಟ್ಟುತ್ತಿದ್ದರು. ಅವರ ಓಣಿಯ ಚರಂಡಿಗೇ ದುಡ್ಡಿಲ್ಲ ಅಂತ ಟಿಪ್ಪಣಿ ಬರೆಯುವುದು ಎಷ್ಟು ನೋವಿನ ಕೆಲಸ ಅಂತ ನನಗೆ ಗೊತ್ತು. ಆದ್ದರಿಂದ ದುಡ್ಡಿಲ್ಲ ಅಂದಾಗ ಸುಮ್ನೆ ವಾಪಸ್ ಬರಬೇಡಿ. "ಬಾಕಿ ಎಷ್ಟಿದೆ? ದೊಡ್ಡ ಬಾಕಿದಾರರ ಪಟ್ಟಿ ಕೊಡಿ. ಮಳಿಗೆ ಬಾಡಿಗೆ ಯಾವ ವರ್ಷ ಪರಿಷ್ಕರಿಸಿದಿರಿ?" ಅಂತ ಕೇಳಿ.

ಬಾಯಿ ಮಾತಿಗೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ₹10ರ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಕೊಡಬೇಕು. ಆ ಸಿಸಿ ರಸ್ತೆಯ ಬಗ್ಗೆ ಅನುಮಾನ ಇದ್ದರೆ ಅದಕ್ಕೆ ಬೇರೆ ಅರ್ಜಿ. ಯಾವ ಯೋಜನೆಯ ಹಣ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪ್ರತಿ, ಪಾವತಿಸಿದ ಬಿಲ್ಲು ಇಷ್ಟನ್ನು ಕೇಳಿ. ಅಳತೆ ಪುಸ್ತಕವನ್ನು ಬಿಡಲೇಬೇಡಿ. ಎಷ್ಟು ಮೀಟರ್ ಉದ್ದ, ಎಷ್ಟು ದಪ್ಪ ಅಂತ ಎಂಜಿನಿಯರ್ ಬರೆದು ಸಹಿ ಮಾಡಿರುವುದು ಅಲ್ಲೇ. ಅದನ್ನು ಹಿಡಿದು ಟೇಪಿನಿಂದ ನೀವೇ ಅಳೆಯಬಹುದು. ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕು ಕೂಡ 2005ರ ಕಾಯ್ದೆಯಲ್ಲಿ ಇದೆ. ಬಹಳ ಜನರಿಗೆ ಇದು ಗೊತ್ತೇ ಇಲ್ಲ.

ಪ್ರಶ್ನೆ: ಆಂಟಿ, ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಅಪ್ಪ ಕಟ್ಟುವ ತೆರಿಗೆಯಲ್ಲಿ ಗ್ರಂಥಾಲಯ ಕರ ಇದೆ. ಆದರೆ ನಮ್ಮ ಬಡಾವಣೆಯಲ್ಲಿ ಗ್ರಂಥಾಲಯವೇ ಇಲ್ಲ. ಆ ದುಡ್ಡು ಎಲ್ಲಿಗೆ ಹೋಗುತ್ತದೆ?
— ವಿದ್ಯಾರ್ಥಿ, ಬೀದರ್

ತಮ್ಮಾ, ನೀನು ಕೇಳಿದ್ದು ಬಹಳ ಸರಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಈ ಶೇ 6 ವಸೂಲಿ ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಕೊಡಬೇಕು. ಆದರೆ ಕೈ ಬಿಗಿಯಾದಾಗ ಈ ದುಡ್ಡನ್ನು ಸಂಬಳಕ್ಕೆ, ಬಿಲ್ಲಿಗೆ ಬಳಸಿ "ಆಮೇಲೆ ಕೊಡೋಣ" ಅನ್ನುವುದನ್ನು ನಾನು ಒಂದು ಕಡೆ ಕಣ್ಣಾರೆ ಕಂಡಿದ್ದೇನೆ. ಓದುವ ಮಕ್ಕಳ ಹೆಸರಿನಲ್ಲಿ ತೆಗೆದುಕೊಂಡ ದುಡ್ಡು ಅದು, ಹಾಗೆ ಬಳಸುವುದು ತಪ್ಪು. ನಿಮ್ಮ ಊರಿನಲ್ಲಿ ಏನಾಗಿದೆ ಅಂತ ಕೇಳಲು ಎರಡು ಅರ್ಜಿ ಬೇಕು. ಕಳೆದ ಐದು ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಿ ಆಯಿತು, ಎಷ್ಟು ಕಳಿಸಿದಿರಿ ಅಂತ ನಗರ ಆಡಳಿತಕ್ಕೆ ಒಂದು. ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಅಂತ ಗ್ರಂಥಾಲಯ ಇಲಾಖೆಗೆ ಇನ್ನೊಂದು. ಎರಡು ಉತ್ತರಗಳನ್ನು ಪಕ್ಕದಲ್ಲಿಟ್ಟು ನೋಡು. ತಾಳೆ ಆಗದಿದ್ದರೆ ಗೆಳೆಯರ ಸಹಿ ಹಾಕಿಸಿ, ಬಡಾವಣೆಗೆ ಓದುವ ಕೋಣೆ ಬೇಕು ಅಂತ ಮನವಿ ಕೊಡು.

ಪ್ರಶ್ನೆ: ಬಜೆಟ್ ಸಭೆಗೆ ನಮ್ಮಂಥ ಮನೆಯಲ್ಲಿರುವ ಹೆಂಗಸರು ಹೋಗಬಹುದಾ? ಹೋದರೆ ಏನು ಮಾತಾಡಬೇಕು?
— ಮಹಿಳಾ ಸ್ವಸಹಾಯ ಸಂಘದ ಸದಸ್ಯರು, ಶಹಾಬಜಾರ್, ಕಲಬುರಗಿ

ಅಕ್ಕಾ, ಹೋಗಲೇಬೇಕು. ಬಜೆಟ್ ಮಂಡಿಸುವ ದಿನಕ್ಕಿಂತ ಮುಂಚೆ ಪೂರ್ವಭಾವಿ ಸಭೆ ಕರೆಯುತ್ತಾರೆ, ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಮಂಡಿಸಿದ ಮೇಲೆ ಹೇಳುವ ಮಾತಿಗಿಂತ ಅದಕ್ಕೆ ಮುಂಚೆ ಹೇಳುವ ಮಾತಿಗೆ ಬೆಲೆ ಜಾಸ್ತಿ. ಇಂಥ ಸಭೆಗಳಲ್ಲಿ ಗುತ್ತಿಗೆದಾರರು, ವ್ಯಾಪಾರಿಗಳು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಹೆಂಗಸರ ಕುರ್ಚಿಗಳು ಖಾಲಿ ಇರುತ್ತವೆ. ನೀರು ಯಾವ ಹೊತ್ತಿಗೆ ಬರುತ್ತದೆ, ಬೀದಿ ದೀಪ ಎಲ್ಲಿ ಇಲ್ಲ, ಸಾರ್ವಜನಿಕ ಶೌಚಾಲಯಕ್ಕೆ ಬೀಗ ಯಾಕೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಅಭಿವೃದ್ಧಿ ಮಾಡಿ" ಅನ್ನಬೇಡಿ. ಅದನ್ನು ಎಲ್ಲರೂ ಬರೆದುಕೊಂಡು ಮರೆಯುತ್ತಾರೆ. ಇಂಥ ಅಡ್ಡರಸ್ತೆಯಿಂದ ಇಂಥ ಶಾಲೆಯವರೆಗೆ ಚರಂಡಿ ಅಂತ ಜಾಗದ ಹೆಸರು ಹೇಳಿ. ಕಳೆದ ವರ್ಷದ ಬಜೆಟ್ ಪುಸ್ತಕ ತೆಗೆದುಕೊಂಡು ಹೋಗಿ. ಅದರಲ್ಲಿ ಅಂದಾಜು ಒಂದು ಕಾಲಂ, ನಿಜವಾಗಿ ಆದ ಖರ್ಚು ಇನ್ನೊಂದು ಕಾಲಂ ಇರುತ್ತದೆ. ನಿಮಗೆ ಬೇಕಾದ ವಿಷಯದ ಸಾಲಿನಲ್ಲಿ ಈ ಎರಡು ಅಂಕಿ ನೋಡಿ. ದೊಡ್ಡ ಅಂತರ ಇದ್ದರೆ ಕಾರಣ ಕೇಳಿ.

ಇನ್ನೊಂದು ದಾರಿ ವಾರ್ಡ್ ಸಮಿತಿ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ನಗರಗಳಲ್ಲಿ ಇವು ಇರಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಕಲಬುರಗಿ 2011ರ ಜನಗಣತಿಯಲ್ಲೇ 5 ಲಕ್ಷ ದಾಟಿದೆ, 55 ವಾರ್ಡುಗಳಿವೆ. ಸಮಿತಿಯಲ್ಲಿ ಮಹಿಳೆಯರಿಗೆ ಕನಿಷ್ಠ ಮೂರು ಸ್ಥಾನ ಇವೆ. ನಿಮ್ಮ ಸಂಘದಿಂದ ಒಬ್ಬರ ಹೆಸರು ಕೊಡಿ.

ಸಭೆಯಲ್ಲಿ ಹೇಳಿದ್ದನ್ನೇ ಒಂದು ಹಾಳೆಯಲ್ಲಿ ಬರೆದು ಆಯುಕ್ತರ ಕಚೇರಿಯ ಟಪಾಲು ವಿಭಾಗಕ್ಕೆ ಕೊಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ನಡಾವಳಿ ಬಂದಾಗ ನಿಮ್ಮ ಬೇಡಿಕೆ ಅದರಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಆ ಮುದ್ರೆಯ ಪ್ರತಿ ಹಿಡಿದು ಮತ್ತೆ ಹೋಗಿ.