ಚಾರ್ಜರ್ ಮನೆಯಲ್ಲಿ ಬಿಟ್ಟು ಹೋಗುವಂತಿದ್ದರೆ ಅದು ಹಗುರ ಲ್ಯಾಪ್‌ಟಾಪ್

ಪ್ರಶ್ನೆ: ನಾವು ಬೀಳಗಿ ತಾಲ್ಲೂಕಿನ ಹಳ್ಳಿಯವರು. ಮಗಳು ಬಾಗಲಕೋಟೆ ನವನಗರದ ಕಾಲೇಜೊಂದರಲ್ಲಿ ಬಿಸಿಎ ಎರಡನೇ ವರ್ಷದಲ್ಲಿದ್ದು, ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಅವಳ ಅಣ್ಣನ ಹಳೆಯ ಲ್ಯಾಪ್‌ಟಾಪ್ ಹೊತ್ತು ಹೊತ್ತು ಹೆಗಲು ನೋವು ಬಂದಿದೆ. ಕಬ್ಬಿನ ಬಿಲ್ ಬಂದದ್ದರಲ್ಲಿ 40,000 ರೂಪಾಯಿ ತೆಗೆದಿಟ್ಟಿದ್ದೇನೆ. ಅಂಗಡಿಯವರು 15.6 ಇಂಚಿನದನ್ನೇ ಒಯ್ಯಿರಿ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ನಮ್ಮ ಅಳಿಯ, ಕಂಪನಿಗಳು ಬಳಸಿ ಬಿಟ್ಟ ಹಳೆಯದನ್ನು ಕೊಳ್ಳಿ, ಅದೇ ಗಟ್ಟಿ ಎನ್ನುತ್ತಾನೆ. ಯಾರ ಮಾತು ಕೇಳಲಿ?
– ಓದುಗರು, ಬೀಳಗಿ

ಉತ್ತರ: ಇಬ್ಬರ ಮಾತನ್ನೂ ತುಸು ಬದಿಗಿಟ್ಟು ಮೊದಲು ಒಂದು ಕೆಲಸ ಮಾಡಿ. ಮಗಳು ಕಾಲೇಜಿನಿಂದ ಬಂದ ಸಂಜೆ ಅವಳ ಚೀಲವನ್ನು ಬಿಚ್ಚದೆ ಹಾಗೆಯೇ ಊರಿನ ಕಿರಾಣಿ ಅಂಗಡಿಯ ತೂಕದ ಯಂತ್ರದ ಮೇಲಿಟ್ಟು ನೋಡಿ. ಬಳಿಕ ಲ್ಯಾಪ್‌ಟಾಪನ್ನು ತೆಗೆದು ಒಮ್ಮೆ, ಚಾರ್ಜರನ್ನೂ ಅದರ ತಂತಿಯನ್ನೂ ತೆಗೆದು ಇನ್ನೊಮ್ಮೆ ತೂಗಿ. ಕೆಲವು ವರ್ಷ ಹಿಂದಿನ 15.6 ಇಂಚಿನ ಯಂತ್ರಗಳು ಸಾಮಾನ್ಯವಾಗಿ ಎರಡು ಕಿಲೋ ದಾಟುತ್ತಿದ್ದವು, ಅವುಗಳ ಚಾರ್ಜರಿನ ಇಟ್ಟಿಗೆಯಂಥ ಪೆಟ್ಟಿಗೆ ಮತ್ತು ಮೂರು ಪಿನ್ನಿನ ದಪ್ಪ ತಂತಿ ಸೇರಿ ಮತ್ತೆ ಮುನ್ನೂರು ನಾನೂರು ಗ್ರಾಂ ಆಗುತ್ತಿತ್ತು. ಅಂಗಡಿಯ ಚೀಟಿಯಲ್ಲಿ ‘1.4 ಕೆ.ಜಿ.’ ಎಂದು ಬರೆದಿರುವುದು ಬರಿಯ ಯಂತ್ರದ ತೂಕ. ಹೆಗಲಿಗೆ ಬೀಳುವುದು ಎರಡೂ ಸೇರಿದ ತೂಕ. ಆದ್ದರಿಂದ ನೀವು ಹುಡುಕಬೇಕಾದದ್ದು ಅತಿ ಹಗುರವಾದ ಲ್ಯಾಪ್‌ಟಾಪನ್ನಲ್ಲ, ಬೆಳಿಗ್ಗೆ ಚಾರ್ಜರನ್ನು ಮನೆಯಲ್ಲೇ ಬಿಟ್ಟು ಹೋಗಬಹುದಾದ ಲ್ಯಾಪ್‌ಟಾಪನ್ನು.

ಅದನ್ನು ತೀರ್ಮಾನಿಸುವುದು ಬ್ಯಾಟರಿ. ಜಾಹೀರಾತಿನಲ್ಲಿ ‘ಹತ್ತು ಗಂಟೆ’ ಎಂದಿರುವುದನ್ನು ನಂಬದೆ, ವಿವರಪಟ್ಟಿಯಲ್ಲಿ ಬ್ಯಾಟರಿಯ ಸಾಮರ್ಥ್ಯವನ್ನು ವ್ಯಾಟ್-ಅವರ್ ಎಂಬ ಅಳತೆಯಲ್ಲಿ ಹೇಳಿರುವ ಸಾಲನ್ನು ಹುಡುಕಿ. ನಿಮ್ಮ ಬೆಲೆಯ ಯಂತ್ರಗಳಲ್ಲಿ ಅದು 36ರಿಂದ 55ರವರೆಗೆ ಇರುತ್ತದೆ. ವೈಫೈ ಹಚ್ಚಿಕೊಂಡು ಟಿಪ್ಪಣಿ ಬರೆಯುವುದು, ಸಣ್ಣ ಪ್ರೋಗ್ರಾಂ ಓಡಿಸುವುದು, ಬ್ರೌಸರಿನಲ್ಲಿ ಓದುವುದು ಇಂಥ ಕೆಲಸಕ್ಕೆ ಕಡಿಮೆ ವಿದ್ಯುತ್ ಸಾಕಾಗುವ ಪ್ರೊಸೆಸರ್ (ಯಂತ್ರದ ಮಿದುಳು) ಇರುವ ಲ್ಯಾಪ್‌ಟಾಪ್ ಸರಾಸರಿ ಏಳೆಂಟು ವ್ಯಾಟ್ ಎಳೆಯುತ್ತದೆ ಎಂದು ಹಿಡಿದರೆ, 42ರ ಬ್ಯಾಟರಿ ಸುಮಾರು ಐದೂವರೆ ಗಂಟೆಯೂ 54ರದು ಏಳು ಗಂಟೆಯೂ ಬರುತ್ತದೆ. ಎರಡು ಮೂರು ವರ್ಷದ ಬಳಕೆಯಲ್ಲಿ ಬ್ಯಾಟರಿಯ ಐದನೇ ಒಂದು ಪಾಲು ಕರಗುವುದು ಸಹಜವಾದ್ದರಿಂದ, ಇಂದು ಐದೂವರೆ ಗಂಟೆ ಬರುವುದು ಅಷ್ಟು ಹೊತ್ತಿಗೆ ನಾಲ್ಕೂವರೆಗೆ ಇಳಿದಿರುತ್ತದೆ. ಆಗ ಚಾರ್ಜರ್ ಮತ್ತೆ ಚೀಲ ಸೇರುತ್ತದೆ. 1.3 ಕಿಲೋ ತೂಗುವ 38ರ ಬ್ಯಾಟರಿಯ ಯಂತ್ರಕ್ಕಿಂತ 1.45 ಕಿಲೋ ತೂಗುವ 50ರ ಬ್ಯಾಟರಿಯ ಯಂತ್ರವೇ ನಿಮ್ಮ ಮಗಳಿಗೆ ಹಗುರ ಎಂದು ನಾನು ಹೇಳುವುದು ಈ ಲೆಕ್ಕದ ಮೇಲೆ.

ಒಂದು ವೇಳೆ ಚಾರ್ಜರ್ ಒಯ್ಯಲೇಬೇಕಾಗಿ ಬಂದರೂ ಅದು ಸಣ್ಣದಾಗಿರಲಿ. ಟೈಪ್-ಸಿ ರಂಧ್ರದ ಮೂಲಕ ಚಾರ್ಜ್ ಆಗುವ ಲ್ಯಾಪ್‌ಟಾಪಿಗೆ 45 ಅಥವಾ 65 ವ್ಯಾಟಿನ ಅಂಗೈಯಗಲದ ಚಾರ್ಜರ್ ಸಾಕು, ಅದರಿಂದಲೇ ಫೋನೂ ಚಾರ್ಜ್ ಆಗುತ್ತದೆ. ಇಲ್ಲೊಂದು ಮೋಸವಿದೆ. ಅಗ್ಗದ ಹಲವು ಮಾದರಿಗಳಲ್ಲಿ ಟೈಪ್-ಸಿ ರಂಧ್ರವೇನೋ ಇರುತ್ತದೆ, ಆದರೆ ಅದು ಪೆನ್‌ಡ್ರೈವ್ ಚುಚ್ಚಲು ಮಾತ್ರ. ಚಾರ್ಜಿಗೆ ಬೇರೆಯೇ ದುಂಡನೆಯ ಪಿನ್ ಬೇಕು. ವಿವರಪಟ್ಟಿಯಲ್ಲಿ ‘ಪವರ್ ಡೆಲಿವರಿ’ ಎಂಬ ಮಾತಿದೆಯೇ ನೋಡಿ, ಸಾಧ್ಯವಾದರೆ ಅಂಗಡಿಯಲ್ಲೇ ಚುಚ್ಚಿಸಿ ನೋಡಿ.

ಅಂಗಡಿಯವರು 15.6 ಇಂಚಿನದನ್ನು ಹೇಳುವುದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಕ್ಕಿಲ್ಲ. ಅದೇ ಪ್ರೊಸೆಸರ್, ಅದೇ ರ‍್ಯಾಮ್ (ಕೆಲಸದ ವೇಳೆ ಬಳಸುವ ಮೆಮೊರಿ) ಇರುವ ದೊಡ್ಡ ಯಂತ್ರ ಎಷ್ಟೋ ಸಲ ಸಣ್ಣದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ, ಜಿಲ್ಲಾ ಕೇಂದ್ರದ ಅಂಗಡಿಗಳ ದಾಸ್ತಾನಿನಲ್ಲಿ ಇರುವುದೂ ಹೆಚ್ಚಾಗಿ ಅದೇ. ಬಿಕಾಂ ಓದುತ್ತ ದಿನವಿಡೀ ಟ್ಯಾಲಿಯಲ್ಲಿ ಅಂಕಿ ತುಂಬುವವರಿಗೆ ಅದರ ಬಲಬದಿಯ ಅಂಕಿಗಳ ಕೀಲಿಗಳು ಉಪಯೋಗಕ್ಕೂ ಬರುತ್ತವೆ. ಬಿಸಿಎ ಓದುವವರಿಗೆ ಅದರ ಅಗತ್ಯವಿಲ್ಲ. 14 ಇಂಚಿನದು ಸಾಮಾನ್ಯ ಕಾಲೇಜು ಚೀಲದಲ್ಲಿ ಅಡ್ಡಾದಿಡ್ಡಿ ಆಗದೆ ಕೂರುತ್ತದೆ. ನಿಂತುಕೊಂಡೇ ಬರಬೇಕಾದ ಬೆಳಗಿನ ಬಸ್ಸಿನಲ್ಲಿ ಚೀಲವನ್ನು ಎದೆಗವಚಿಕೊಂಡಾಗ ಆ ಒಂದೂವರೆ ಇಂಚು ಎಷ್ಟು ದೊಡ್ಡದು ಎಂಬುದು ಮಗಳಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಪ್ರೊಸೆಸರಿನ ವಿಷಯದಲ್ಲಿ ಹೆಸರಿಗೆ ಮರುಳಾಗಬೇಡಿ. ಎಎಂಡಿ ಕಂಪನಿಯ ‘ರೈಜನ್ 5 7520ಯು’ ಎಂಬುದನ್ನು ನೋಡಿದವರು 5 ಎಂದರೆ 3ಕ್ಕಿಂತ ಮೇಲು, 7000ದ ಸರಣಿ ಎಂದರೆ ಹೊಸದು ಎಂದುಕೊಳ್ಳುತ್ತಾರೆ. ಆದರೆ ಆ ಸರಣಿಯಲ್ಲಿ ಒಳಗಿನ ವಿನ್ಯಾಸ ಯಾವ ತಲೆಮಾರಿನದು ಎಂಬುದನ್ನು ಹೇಳುವುದು ಮೂರನೆಯ ಅಂಕಿ: 7520ರಲ್ಲಿ ಅದು 2, ಅಂದರೆ 2019ರಲ್ಲಿ ಬಂದ ಝೆನ್ 2 ವಿನ್ಯಾಸ, 7330ರಲ್ಲಿ ಅದು 3. ಅದಕ್ಕಿಂತ ಮುಖ್ಯವಾದ ಮಾತೆಂದರೆ 7320 ಮತ್ತು 7520 ಇರುವ ಯಂತ್ರಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಮುಂದೆ ಹೆಚ್ಚಿಸಲು ಬರುವುದಿಲ್ಲ. ಇಂಟೆಲ್ಲಿನ ಐ3-1215ಯು ಅಥವಾ ಐ3-1315ಯು ಇದ್ದು, ಒಳಗೆ ರ‍್ಯಾಮಿಗೆ ಒಂದು ಖಾಲಿ ಸ್ಲಾಟ್ ಇದ್ದರೆ ನಾನು ಅದನ್ನೇ ಆರಿಸುತ್ತೇನೆ. ಇಂದು 8 ಜಿಬಿ ಸಾಕಾಗುತ್ತದೆ. ಮುಂದಿನ ವರ್ಷ ಅವಳು ಮೊಬೈಲ್ ಆ್ಯಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೋ ಹಾಕಿಕೊಂಡರೆ ಅದಕ್ಕೆ 8 ಜಿಬಿ ಕನಿಷ್ಠ, 16 ಇದ್ದರೇ ಸಲೀಸು. ಆಗ ಬೇಕಾಗುವ 8 ಜಿಬಿಯನ್ನು ಆಗಲೇ ಕೊಳ್ಳಬಹುದು.

ಸೆಲೆರಾನ್ ಹೆಸರಿನ ದುರ್ಬಲ ಪ್ರೊಸೆಸರಿನ ಹಳೆಯ ದಾಸ್ತಾನನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಕಡತಗಳನ್ನಿಡುವ ಸಂಗ್ರಹ ವೇಗದ ಎಸ್‌ಎಸ್‌ಡಿಯೇ ಆಗಿರಬೇಕು, ಅಗ್ಗದ, ನಿಧಾನ ಬಗೆಯ ಇಎಂಎಂಸಿ ಬೇಡ. ಇದು ಸ್ವಂತ ಪೆಟ್ಟಿನಿಂದ ಕಲಿತದ್ದು. ಕೆಲವು ವರ್ಷಗಳ ಹಿಂದೆ ಒಂದು ಕಿಲೋ ಚಿಲ್ಲರೆ ತೂಕ ಕಂಡು ಮನಸೋತು ನಾನು ಕೊಂಡ ಪುಟ್ಟ ಲ್ಯಾಪ್‌ಟಾಪಿನಲ್ಲಿ 64 ಜಿಬಿ ಇಎಂಎಂಸಿ ಇತ್ತು. ಎರಡನೆಯ ದೊಡ್ಡ ವಿಂಡೋಸ್ ಅಪ್‌ಡೇಟಿಗೆ ಜಾಗ ಸಾಲದೆ ಹೋಯಿತು. ಈಗ ಅದು ನಮ್ಮ ಮನೆಯಲ್ಲಿ ಹಾಡು ಕೇಳಲು ಇದೆ.

ಇನ್ನು ನಿಮ್ಮ ಅಳಿಯನ ಮಾತು. ಅದು ಅರ್ಧಕ್ಕಿಂತ ಹೆಚ್ಚು ನಿಜ. ಕಂಪನಿಗಳಿಗಾಗಿ ತಯಾರಾದ ಥಿಂಕ್‌ಪ್ಯಾಡ್ ಟಿ490, ಎಲೀಟ್‌ಬುಕ್ 840 ಜಿ5, ಲ್ಯಾಟಿಟ್ಯೂಡ್ 7490 ಮುಂತಾದವು 14 ಇಂಚಿನವು, ಒಂದೂವರೆ ಕಿಲೋ ಆಸುಪಾಸಿನವು. ಅವುಗಳ ಕೀಲಿಮಣೆಯೂ ಮುಚ್ಚಳದ ಕೀಲುಗಳೂ ನಿಮ್ಮ ಬೆಲೆಯ ಯಾವ ಹೊಸ ಯಂತ್ರಕ್ಕಿಂತಲೂ ಗಟ್ಟಿ, ಬೆಲೆಯಂತೂ ನಿಮ್ಮ ಮಿತಿಗಿಂತ ಸಾಕಷ್ಟು ಕೆಳಗೆ. ಆದರೆ ಇಂಟೆಲ್ಲಿನ ಎಂಟನೇ ತಲೆಮಾರಿನ ಪ್ರೊಸೆಸರಿಗಿಂತ ಹಿಂದಿನದು ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಎಂಟಕ್ಕಿಂತ ಹಿಂದಿನ ಬಹುತೇಕ ಎಲ್ಲವುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಇನ್ನೊಂದು ತೊಡಕು ಮತ್ತೆ ಬ್ಯಾಟರಿಯದೇ. ವಿಂಡೋಸ್‌ನ ‘ಪವರ್‌ಸಿಎಫ್‌ಜಿ’ (powercfg /batteryreport) ಆದೇಶ ಕೊಟ್ಟು ಬ್ಯಾಟರಿ ವರದಿ ತೆಗೆದರೆ, ತಯಾರಾದಾಗ ಇದ್ದ ಸಾಮರ್ಥ್ಯ ಮತ್ತು ಈಗ ತುಂಬಿಕೊಳ್ಳುವ ಸಾಮರ್ಥ್ಯ ಎರಡೂ ಮೇಲೆ ಕೆಳಗೆ ಕಾಣುತ್ತವೆ. ಇದು ಮಗಳೇ ಎರಡು ನಿಮಿಷದಲ್ಲಿ ಮಾಡುವ ಕೆಲಸ. 60ಕ್ಕೆ 35 ಉಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಸೇರಿಸಿಯೇ ಚೌಕಾಸಿ ಮಾಡಿ. ಬಾಗಲಕೋಟೆ ಅಥವಾ ಬೆಳಗಾವಿಯಲ್ಲಿ ಎದುರಿಗೆ ಕೂತು ಪರೀಕ್ಷಿಸಿ, ಬಿಲ್ಲಿನ ಮೇಲೆ ವಾರಂಟಿ ಬರೆಸಿಕೊಂಡು ಕೊಳ್ಳಲು ಸಾಧ್ಯವಿದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಕೊರಿಯರಿನಲ್ಲಿ ಬರುವ ಹಳೆಯ ಯಂತ್ರ ಬೇಡ.

ಹೊಸದನ್ನು ಕೊಳ್ಳುವುದಾದರೆ ಮಗಳನ್ನು ಕರೆದುಕೊಂಡು ಹೋಗಿ, ಅಂಗಡಿಯ ದೀಪದಡಿ ನೋಡಿ ಮುಗಿಸದೆ ಯಂತ್ರವನ್ನು ಬಾಗಿಲ ಬಳಿಯ ಬಿಸಿಲ ಬೆಳಕಿಗೆ ತನ್ನಿ. ಬರಿಯ ಬಿಳಿ ಪುಟ ತೆರೆದು ಪರದೆಯನ್ನು ಹಿಂದಕ್ಕೆ ಮುಂದಕ್ಕೆ ವಾಲಿಸಿದಾಗ ಬಿಳಿ ಹಳದಿಯಾದರೆ, ಅಕ್ಷರ ಮಸುಕಾದರೆ ಅದು ಅಗ್ಗದ ಬಗೆಯ ಟಿಎನ್ ಪರದೆ. ಓರೆಯಾಗಿ ನೋಡಿದರೂ ಬಣ್ಣ ಕೆಡದ ಐಪಿಎಸ್ ಪರದೆ ಇರುವುದನ್ನು ಕೇಳಿ. ಮುಚ್ಚಳವನ್ನು ಒಂದು ಮೂಲೆಯಿಂದ ಹಿಡಿದು ತೆರೆಯಿರಿ. ಕೀಲಿನ ಬಳಿ ಪ್ಲಾಸ್ಟಿಕ್ ಕಿರ್ ಎಂದರೆ ಆ ಮಾದರಿ ಮೂರು ವರ್ಷದ ಬಸ್ ಪ್ರಯಾಣ ತಡೆಯುವುದು ಅನುಮಾನ. ರಿಪೇರಿಗೆ ಬರುವ ತೆಳು ಲ್ಯಾಪ್‌ಟಾಪುಗಳಲ್ಲಿ ನಾನು ಹೆಚ್ಚು ಕಾಣುವ ರೋಗವೇ ಅದು. ವಿಂಡೋಸ್ ಒಳಗೊಂಡ ಬೆಲೆಯೇ ಎಂದು ಕೇಳಲು ಮರೆಯಬೇಡಿ, ಏಕೆಂದರೆ ಕೆಲವನ್ನು ವಿಂಡೋಸ್ ಇಲ್ಲದೆಯೇ ಕಡಿಮೆ ಬೆಲೆಗೆ ತೋರಿಸುತ್ತಾರೆ. ನೀವು ಹೇಳಿದ ಹಣದಲ್ಲಿ ಎರಡು ಸಾವಿರವನ್ನಾದರೂ ಒಳ್ಳೆಯ ಎರಡು ಪಟ್ಟಿಯ ಬೆನ್ನುಚೀಲಕ್ಕೆ ತೆಗೆದಿಡಿ. ಒಂದೇ ಹೆಗಲಿಗೆ ನೇತುಹಾಕುವ ಚೀಲದಲ್ಲಿ ಯಾವ ಲ್ಯಾಪ್‌ಟಾಪೂ ಹಗುರವಲ್ಲ.

ಬ್ಯಾಟರಿಗೆ ಹೊಡೆತ ಕೊಡುವುದು ಬಳಕೆಗಿಂತ ಬಿಸಿಲು. ನಿಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುತ್ತದೆ, ತಗಡಿನ ಮಾಡಿನ ಕೋಣೆಯಲ್ಲಿ ಅದಕ್ಕೂ ಹೆಚ್ಚು. ರಜೆಯ ಆ ಎರಡು ತಿಂಗಳು ಮನೆಯಲ್ಲಿ ತಂತಿ ಚುಚ್ಚಿಕೊಂಡೇ ಕೆಲಸ ಮಾಡುವುದಾದರೆ, ತಯಾರಕರ ಸೆಟ್ಟಿಂಗ್ಸಿನಲ್ಲಿ ಚಾರ್ಜನ್ನು 80 ಪ್ರತಿಶತಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಅದನ್ನು ಹಾಕಿಡಲು ಮಗಳಿಗೆ ಹೇಳಿ. ಕಾಲೇಜು ಶುರುವಾಗುವ ಹಿಂದಿನ ರಾತ್ರಿ ಮತ್ತೆ ನೂರಕ್ಕೆ ತಂದರಾಯಿತು.